ಕಥೆಯ ಶಾಂತಲೆ, ಕಲ್ಲಿನ ಶಾಂತಲೆ

ಡಿಸೆಂಬರ್ ತಿಂಗಳು ಬಂತೆಂದರೆ ಅರಸೀಕೆರೆ ರೈಲು ನಿಲ್ದಾಣದಲ್ಲಿ ಶಾಲಾ ಮಕ್ಕಳ ಗದ್ದಲ ಶುರುವಾಗುತ್ತದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗವನ್ನು ಹಾಸನ, ಮೈಸೂರು ಕಡೆಯ ಹಳಿ ಬಂದು ಸೇರುವ ಜಂಕ್ಷನ್ ಇದು. ನಿದ್ದೆಗಣ್ಣಿನಲ್ಲೇ ರೈಲಿಳಿದ ಮಕ್ಕಳನ್ನು ಮೇಷ್ಟ್ರು ಪ್ಲಾಟ್‌ಫಾರಂ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸುತ್ತಾರೆ. ಇಡ್ಲಿ, ಕಾಫಿ ಮುಗಿಸಿ ಎಲ್ಲರೂ ಬಸ್ಸು ಹತ್ತುತ್ತಾರೆ. ಊರಾಚೆ ಎತ್ತ ನೋಡಿದರೂ ತೆಂಗಿನ ತೋಟ. ಕೊಬ್ಬರಿ ವ್ಯಾಪಾರಕ್ಕೆ ಹೆಸರಾದ ಊರು. ಆದರೆ ಶಾಲಾ ಪ್ರವಾಸದ ಪಟ್ಟಿಯಲ್ಲಿ ಅರಸೀಕೆರೆ ಕೇವಲ ಇಳಿಯುವ ಜಾಗ. ನೋಡುವ ಜಾಗಗಳೇನಿದ್ದರೂ ಬೇಲೂರು, ಹಳೇಬೀಡು.

ಹಾಗೆ ಬಿಟ್ಟುಹೋಗುವವರಿಗೆ ನಷ್ಟವಿದೆ. ಊರಿನ ಹೆಸರಿನಲ್ಲೇ ಒಬ್ಬ ರಾಣಿ ಇದ್ದಾಳೆ. ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದಾಗಿ ಊರಿಗೆ 'ಅರಸಿಯ ಕೆರೆ' ಎಂಬ ಹೆಸರು ಬಂತು ಎನ್ನುತ್ತಾರೆ. ಊರಿನ ಶಿವಾಲಯ 1220ರ ಸುಮಾರಿನದು. ಅದರ ಮುಂದಿನ ಮಂಟಪದ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಬರೆದು, ಅದರ ನಡುವನ್ನು ಅಲ್ಲಾಡಿಸದೆ ಇಪ್ಪತ್ತೆರಡೂವರೆ ಡಿಗ್ರಿಯಂತೆ ಮೂರು ಸಲ ತಿರುಗಿಸಿ ಮತ್ತೆ ಮತ್ತೆ ಬರೆದರೆ ನಾಲ್ಕು ಚೌಕಗಳ ಹದಿನಾರು ಮೂಲೆಗಳು ಸಿಕ್ಕುತ್ತವೆ. ಕಂಪಾಸು ಪೆಟ್ಟಿಗೆ ಇರುವ ಯಾವ ಹೈಸ್ಕೂಲು ವಿದ್ಯಾರ್ಥಿಯೂ ಇದನ್ನು ಬಿಳಿ ಹಾಳೆಯ ಮೇಲೆ ಮಾಡಿ ನೋಡಬಹುದು.

ಅದೇ ಊರಿನಲ್ಲಿ, ಅದೇ 1220ರ ಸುಮಾರಿನಲ್ಲಿ, ಇನ್ನೊಂದು ಗುಡಿಯೂ ಎದ್ದಿತು. ಅದು ಸಹಸ್ರಕೂಟ ಜಿನಾಲಯ. ಸಾವಿರ ಜಿನಬಿಂಬಗಳ ಬಸದಿ ಎಂದು ಹೆಸರೇ ಹೇಳುತ್ತದೆ. ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ರೇಚರಸ. ಒಂದೇ ಊರು, ಒಂದೇ ಕಾಲ. ಒಂದು ಶಿವನಿಗೆ, ಒಂದು ಜಿನನಿಗೆ. ಬೇಲೂರು, ಹಳೇಬೀಡುಗಳಲ್ಲಿ ಮುಂದೆ ಕಾಣಲಿರುವ ದೊಡ್ಡ ವಿಷಯದ ಪೀಠಿಕೆ ಇಲ್ಲೇ ಇದೆ.

ಬಸ್ಸಿನಲ್ಲಿ ಕೇಳುವ ಕಥೆ

ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡು, ಬೇಲೂರಿಗೆ ದಾರಿ. ಬಸ್ಸು ಹೊರಟ ಮೇಲೆ ಯಾರಾದರೊಬ್ಬ ಮೇಷ್ಟ್ರು ಎದ್ದು ನಿಂತು ಹೊಯ್ಸಳರ ಕಥೆ ಶುರು ಮಾಡುತ್ತಾರೆ. ಉಳಿದದ್ದನ್ನು ಬೇಲೂರಿನ ಗೈಡು ಪೂರ್ತಿ ಮಾಡುತ್ತಾನೆ. ಕನ್ನಡ ನಾಡಿನ ಬಹುಪಾಲು ಮಕ್ಕಳು ಕೇಳಿ ಬೆಳೆದ ಆ ಕಥೆಯ ಸಾರಾಂಶ ಹೀಗಿದೆ.

ಸೊಸೆವೂರಿನಲ್ಲಿ, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಸುದತ್ತ ಎಂಬ ಜೈನ ಮುನಿ ಪಾಠ ಹೇಳುತ್ತಿದ್ದಾಗ ಹುಲಿ ಬಂತು. ಮುನಿ 'ಹೊಯ್ ಸಳ' ಎಂದ. ಸಳ ಹುಲಿಯನ್ನು ಹೊಡೆದ. ರಾಜವಂಶ ಹುಟ್ಟಿತು. ಆ ವಂಶದಲ್ಲಿ ಬಿಟ್ಟಿದೇವ ಎಂಬ ರಾಜ. ಅವನಿಗೆ ನಾಟ್ಯ ಬಲ್ಲ ಸುಂದರಿ ಶಾಂತಲೆ ರಾಣಿ. ರಾಜನ ಮಗಳಿಗೆ ಹಿಡಿದ ಗ್ರಹವನ್ನು ಜೈನ ಗುರುಗಳು ಬಿಡಿಸಲಾರದೆ ಹೋದರು. ತಮಿಳು ನಾಡಿನಿಂದ ಬಂದ ರಾಮಾನುಜಾಚಾರ್ಯರು ಬಿಡಿಸಿದರು. ರಾಜ ವೈಷ್ಣವನಾಗಿ ವಿಷ್ಣುವರ್ಧನನೆಂಬ ಹೆಸರು ಪಡೆದ. ರಾಣಿ ಮಾತ್ರ ಜೈನಳಾಗಿಯೇ ಉಳಿದಳು. ಗಂಡ ಹೆಂಡಿರ ನಡುವೆ ಧರ್ಮದ ಗೋಡೆ ಎದ್ದಿತು. ಮಕ್ಕಳಾಗಲಿಲ್ಲ. ರಾಜ ಮತ್ತೆ ಮದುವೆಯಾಗಿ ವಂಶ ಬೆಳೆಯಲಿ ಎಂದು ಶಾಂತಲೆ ಶಿವಗಂಗೆಯ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟಳು. ನೆಲಮಂಗಲದ ಬಳಿಯ ಶಿವಗಂಗೆಗೆ ಹೋದವರಿಗೆ ಆ ಬಂಡೆಯನ್ನು ಈಗಲೂ ತೋರಿಸುತ್ತಾರೆ.

ಕಥೆಗೆ ಒಂದು ಕಹಿ ಬಾಲವೂ ಉಂಟು. ಮತಾಂತರವಾದ ರಾಜ ತನ್ನ ಮಾತು ಕೇಳದ ಜೈನರನ್ನು ಗಾಣಕ್ಕೆ ಹಾಕಿಸಿದ, ಬಸದಿಗಳನ್ನು ಕೆಡವಿಸಿದ ಎಂಬುದು.

ಕೇಳುವುದಕ್ಕೆ ರೋಚಕವಾದ ಕಥೆ. ಪ್ರೇಮವಿದೆ, ತ್ಯಾಗವಿದೆ, ಪವಾಡವಿದೆ. ಆದರೆ ಇದರೊಳಗೆ ಜೈನರು ಹೇಗೆ ಕಾಣುತ್ತಾರೆ ಎಂದು ಕೇಳಿಕೊಂಡರೆ ಉತ್ತರ ಸಣ್ಣದು. ಒಬ್ಬ ಸೋತ ಗುರು, ಒಬ್ಬ ಅಳುವ ರಾಣಿ, ಗಾಣಕ್ಕೆ ಬಿದ್ದ ಒಂದಿಷ್ಟು ಹೆಸರಿಲ್ಲದ ಜನ. ಜೈನಧರ್ಮ ಇಲ್ಲಿ ದಂಪತಿಗಳ ನಡುವೆ ಬಂದ ಅಡ್ಡಿ ಮಾತ್ರ. ಆ ಧರ್ಮದವರು ಮನೆಯಲ್ಲಿ ಹೇಗಿದ್ದರು, ಏನು ಉಣ್ಣುತ್ತಿದ್ದರು, ನೆರೆಯವರೊಡನೆ ಹೇಗೆ ಬಾಳುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು ಎಂಬುದಕ್ಕೆ ಕಥೆಯಲ್ಲಿ ಜಾಗವೇ ಇಲ್ಲ.

ಬೇಲೂರು: ಬೆಳ್ಳಿತೆರೆಯೂ ಶಿಲೆಯೂ

ಯಗಚಿ ನದಿಯ ದಡದ ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ. ಇಂದು ಚೆನ್ನಕೇಶವ ಎಂದು ಪೂಜೆಗೊಳ್ಳುತ್ತಿರುವ ದೇವರು ಅದೇ. ಗುಡಿಯ ಒಳಗೂ ಹೊರಗೂ ಸೇರಿ 42 ಮದನಿಕೆಯರು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಿಗಿಳಿದವಳು, ಸೀರೆಯ ಸೆರಗನ್ನು ಕೋತಿ ಎಳೆದಾಗ ಬೆಚ್ಚಿದವಳು. ಡಿ.ವಿ.ಜಿ. ಅವರ 'ಅಂತಃಪುರಗೀತೆ'ಗಳು ಹುಟ್ಟಿದ್ದು ಈ ಶಿಲಾಬಾಲಿಕೆಯರನ್ನು ಕಂಡೇ. ಪೂರ್ವದ ಬಾಗಿಲ ಪಕ್ಕದ ಒಡ್ಡೋಲಗದ ಚಿತ್ರದಲ್ಲಿ ಕುಳಿತಿರುವ ರಾಜ ರಾಣಿಯರನ್ನು ವಿಷ್ಣುವರ್ಧನ, ಶಾಂತಲೆ ಎಂದೇ ಗುರುತಿಸುವುದು ವಾಡಿಕೆ.

ಮಕ್ಕಳಿಗೆ ಗೈಡು ಹೇಳುವ ಎರಡನೆಯ ಕಥೆ ಜಕಣಾಚಾರಿಯದು. ಅವನು ಕಡೆದ ವಿಗ್ರಹದಲ್ಲಿ ದೋಷವಿದೆ ಎಂದು ಎಳೆಯ ಶಿಲ್ಪಿಯೊಬ್ಬ ಸವಾಲು ಹಾಕಿದ. ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಒಡೆದರೆ ನೀರು, ಮರಳು, ಕಪ್ಪೆ! ಆ ಹುಡುಗ ತನ್ನ ಮಗನೇ ಎಂದು ಮುದುಕನಿಗೆ ಆಮೇಲೆ ತಿಳಿಯಿತು. 'ಕಪ್ಪೆ ಚೆನ್ನಿಗರಾಯ'ನ ಹೆಸರಿಗೆ ಕೊಡುವ ವಿವರಣೆ ಇದೇ. 1964ರಲ್ಲಿ ಬಿ.ಎಸ್. ರಂಗಾ ತೆಗೆದ 'ಅಮರಶಿಲ್ಪಿ ಜಕಣಾಚಾರಿ' ಪೂರ್ತಿ ವರ್ಣದಲ್ಲಿ ಬಂದ ಮೊದಲ ಕನ್ನಡ ಚಿತ್ರ. ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ ಅವರ ಆ ಚಿತ್ರ ನೋಡಿದ ತಲೆಮಾರಿಗೆ ಬೇಲೂರೆಂದರೆ ಜಕಣಾಚಾರಿಯ ಊರು. ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಕೆಲಸಕ್ಕೆ ತಾವೇ ರುಜು ಹಾಕಿದ್ದಾರೆ. ಆ ರುಜುಗಳಲ್ಲಿ ಜಕಣಾಚಾರಿಯ ಹೆಸರಿಲ್ಲ.

ಕಪ್ಪೆ ಚೆನ್ನಿಗರಾಯನ ಗುಡಿಯ ಬಗ್ಗೆ ಕಪ್ಪೆಗಿಂತಲೂ ಸೋಜಿಗದ ಸಂಗತಿ ಒಂದಿದೆ. ಅದನ್ನು ಕಟ್ಟಿಸಿದವಳು ಜೈನಳಾದ ಶಾಂತಲೆ! ಗಂಡ ದೊಡ್ಡ ಕೇಶವನನ್ನು ನಿಲ್ಲಿಸಿದ ಅಂಗಳದಲ್ಲೇ ಅವಳು ವಿಷ್ಣುವಿಗೆ ಇನ್ನೊಂದು ಗುಡಿ ಎತ್ತಿಸಿದಳು. ಧರ್ಮದ ಗೋಡೆ ಎದ್ದಿತ್ತು ಎನ್ನುವ ಕಥೆಗೆ ಕಲ್ಲು ಕೊಡುವ ಮೊದಲ ಉತ್ತರ ಇದು.

ಶಾಂತಲೆಯನ್ನು ಮನೆಮಾತು ಮಾಡಿದ್ದು ಕಾದಂಬರಿಗಳು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ದೇಹದಾರ್ಢ್ಯಕ್ಕೆ ಹೆಸರಾಗಿದ್ದ ಕೆ.ವಿ. ಅಯ್ಯರ್ 'ಶಾಂತಲಾ' ಬರೆದರು. ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ' ಎಂಬ ಬೃಹತ್ ಕಾದಂಬರಿಗೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಬಂತು. ಈ ಪುಸ್ತಕಗಳನ್ನು ಓದಿಯೇ ಎಷ್ಟೋ ಮಂದಿ ಮೊದಲ ಸಲ ಬೇಲೂರಿನ ಬಸ್ಸು ಹತ್ತಿದ್ದುಂಟು. ಕಥೆಗಾರರಿಗೆ ಕಲ್ಪನೆಯ ಹಕ್ಕು ಇದ್ದೇ ಇದೆ. ಆದರೆ ಬಾಯಿಂದ ಬಾಯಿಗೆ ಹೋಗುವಾಗ ಕಾದಂಬರಿ, ಸಿನಿಮಾ, ಸ್ಥಳಪುರಾಣ ಎಲ್ಲವೂ ಕಲಸಿಹೋಗಿ, ಪ್ರವಾಸ ಮುಗಿಸಿ ಮನೆಗೆ ಬಂದ ಮಗು ಅದನ್ನೇ ಇತಿಹಾಸವೆಂದು ಹೇಳತೊಡಗುತ್ತದೆ.

ದೂರದ ಕನ್ನಡಿ

ಇದು ಹೊಯ್ಸಳ ನಾಡಿಗೆ ಮಾತ್ರ ಸೇರಿದ ಪಾಡಲ್ಲ. ಸಣ್ಣ ಸಮುದಾಯವೊಂದರ ಹುಡುಗ ಅಥವಾ ಹುಡುಗಿ ಬೇರೆಯವರನ್ನು ಪ್ರೀತಿಸುವ ಕಥೆ ಎಲ್ಲೆಲ್ಲೂ ಜನಪ್ರಿಯ. ಅಮೆರಿಕದಲ್ಲಿ ಯೆಹೂದಿಗಳು ಜನಸಂಖ್ಯೆಯ ನೂರಕ್ಕೆ ಎರಡರಷ್ಟು. ಆದರೆ ಅಲ್ಲಿನ ಟೆಲಿವಿಷನ್ ಪ್ರಣಯ ಹಾಸ್ಯ ಧಾರಾವಾಹಿಗಳಲ್ಲಿ ಅವರು ಮತ್ತೆ ಮತ್ತೆ ಬರುತ್ತಾರೆ. 1972ರಲ್ಲಿ ಸಿ.ಬಿ.ಎಸ್. ವಾಹಿನಿಯಲ್ಲಿ 'ಬ್ರಿಜೆಟ್ ಲವ್ಸ್ ಬರ್ನಿ' ಶುರುವಾಯಿತು. ಯೆಹೂದಿ ಟ್ಯಾಕ್ಸಿ ಚಾಲಕನೊಬ್ಬ ಐರಿಷ್ ಕ್ಯಾಥೊಲಿಕ್ ಶಿಕ್ಷಕಿಯನ್ನು ಮದುವೆಯಾಗುವ ಕಥೆ. ಬಹಳ ಮಂದಿ ನೋಡಿದರು. ಹಾಗಿದ್ದರೂ ಯೆಹೂದಿ ಧಾರ್ಮಿಕ ಸಂಘಟನೆಗಳು ಅಂತರ್ಮತೀಯ ವಿವಾಹವನ್ನು ಹಗುರ ಮಾಡಿ ತೋರಿಸಲಾಗಿದೆ ಎಂದು ಪ್ರತಿಭಟಿಸಿದವು. 1973ರಲ್ಲಿ, ಒಂದೇ ಸುತ್ತಿಗೆ, ಅದು ನಿಂತುಹೋಯಿತು.

1993ರಿಂದ 1999ರವರೆಗೆ ನಡೆದ 'ದಿ ನ್ಯಾನಿ'ಯಲ್ಲಿ ಗಟ್ಟಿ ದನಿಯ ಯೆಹೂದಿ ಆಯಾ, ಅವಳು ಕೆಲಸ ಮಾಡುವ ಮನೆಯ ಇಂಗ್ಲಿಷ್ ಯಜಮಾನ. ಮಗಳ ಮದುವೆಯನ್ನೇ ಜಪಿಸುತ್ತಾ ಸದಾ ತಿನ್ನುತ್ತಲೇ ಇರುವ ತಾಯಿ. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ನೋಬಡಿ ವಾಂಟ್ಸ್ ದಿಸ್' ಧಾರಾವಾಹಿಯಲ್ಲಿ ನಾಯಕ ಒಬ್ಬ ರಬ್ಬಿ, ಅಂದರೆ ಯೆಹೂದಿಗಳ ಧರ್ಮಗುರು. ನಾಯಕಿಗೆ ಯಾವ ಧರ್ಮದಲ್ಲೂ ನಂಬಿಕೆಯಿಲ್ಲ. ಧರ್ಮಗುರುವನ್ನೂ ನಗುವ, ಪ್ರೀತಿಸುವ ಮನುಷ್ಯನಾಗಿ ತೋರಿಸಿತು, ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗುವ ಶಬ್ಬತ್ ಆಚರಣೆಯನ್ನು ಮನೆಯೊಳಗಿನಿಂದ ತೋರಿಸಿತು ಎಂದು ಕೆಲವರು ಮೆಚ್ಚಿದರು. ಯೆಹೂದಿ ಹೆಂಗಸರನ್ನು ಮಾತ್ರ ಹೊರಗಿನವರನ್ನು ಒಳಗೆ ಬಿಡದ ಗಯ್ಯಾಳಿಗಳಂತೆ ಚಿತ್ರಿಸಲಾಗಿದೆ ಎಂದು ಅದೇ ಸಮುದಾಯದ ಹಲವರು ಬೇಸರಪಟ್ಟರು.

ಐವತ್ತು ವರ್ಷಗಳ ಅಂತರದ ಈ ಮೂರು ಧಾರಾವಾಹಿಗಳಿಗೂ ಶಾಂತಲೆಯ ಕಥೆಗೂ ಒಂದು ನಂಟಿದೆ. ಸಮುದಾಯದ ನಂಬಿಕೆ ಪ್ರೇಮಿಗಳು ದಾಟಬೇಕಾದ ಹೊಳೆಯಾಗುತ್ತದೆ. ಅಲ್ಲಿ ಅದು ನಗಿಸುತ್ತದೆ, ಇಲ್ಲಿ ಅಳಿಸುತ್ತದೆ, ಅಷ್ಟೇ ವ್ಯತ್ಯಾಸ. ಯೆಹೂದಿಗೆ ತಾಯಿಯ ಗೊಣಗಾಟ, ಜೈನನಿಗೆ ಉಪವಾಸ ಮತ್ತು ಸಾವು ಎಂದು ಒಂದೊಂದು ಸಿದ್ಧ ಮುಖವಾಡ ಹಂಚಿಕೊಟ್ಟಂತಾಗಿದೆ.

ಹಳೇಬೀಡು: ಕಂಬದಲ್ಲಿ ಕಾಣುವ ಮುಖ

ಬೇಲೂರಿನಿಂದ 16 ಕಿ.ಮೀ. ದೂರದ ಹಳೇಬೀಡು ಹಿಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ದಾಳಿಗೆ ತುತ್ತಾದ ಊರು. ಹೊಯ್ಸಳೇಶ್ವರ ಗುಡಿಯ ನಿರ್ಮಾಣ 1121ರ ಸುಮಾರಿಗೆ ಆರಂಭವಾಯಿತು. ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಹೆಸರು ಅದಕ್ಕೆ ತಳುಕು ಹಾಕಿಕೊಂಡಿದೆ. ಇದು ಜೋಡಿ ಗುಡಿ. ಒಂದರಲ್ಲಿ ಹೊಯ್ಸಳೇಶ್ವರ, ಇನ್ನೊಂದರಲ್ಲಿ ಶಾಂತಲೇಶ್ವರ. ರಾಜ ವೈಷ್ಣವ, ರಾಣಿ ಜೈನಳು; ಅವರಿಬ್ಬರ ಹೆಸರಿನಲ್ಲಿ ನಿಂತಿರುವುದು ಎರಡು ಶಿವಲಿಂಗಗಳು! ಕಥೆಯ ಸರಳ ಲೆಕ್ಕಕ್ಕೆ ಇದು ಸಿಕ್ಕುವುದಿಲ್ಲ.

ಹೊಯ್ಸಳೇಶ್ವರ ನೋಡಿದ ಕೂಡಲೇ ಹೆಚ್ಚಿನ ಶಾಲಾ ಬಸ್ಸುಗಳು ಹೊರಟುಬಿಡುತ್ತವೆ. ಸ್ವಲ್ಪ ದೂರದ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂರು ಬಸದಿಗಳು ಸಾಲಾಗಿ ನಿಂತಿವೆ. ಅಲ್ಲಿ ಗದ್ದಲವಿಲ್ಲ. ಹುಲ್ಲುಹಾಸು, ಕಲ್ಲಿನ ಚಪ್ಪಡಿ, ಒಳಗೆ ತಂಪು.

ಪಾರ್ಶ್ವನಾಥ ಬಸದಿಯ ನವರಂಗದ ಕಪ್ಪು ಕಂಬಗಳು ವಿಜ್ಞಾನ ವಿದ್ಯಾರ್ಥಿಗಳಿಗೆ ಒಂದು ಪಾಠ. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲಿನ ಜಾತಿಗೆ ಸೇರಿದ ಶಿಲೆ. ಅಪ್ಪ ಅಮ್ಮಂದಿರು ಸ್ಲೇಟಿನ ಮೇಲೆ ಬರೆದ ಬಳಪದ ನೆಂಟ. ನೆಲದಿಂದ ತೆಗೆದಾಗ ಮೆದು. ಗಾಳಿಗೆ ತೆರೆದುಕೊಂಡಂತೆ ಗಟ್ಟಿ. ಆದ್ದರಿಂದಲೇ ಅಷ್ಟು ನವಿರು ಕೆತ್ತನೆ ಸಾಧ್ಯವಾಯಿತು, ಕಂಬವನ್ನು ತಿರುಗಣೆಗೆ ಕೊಟ್ಟು ಕಡೆಯುವುದೂ ಸಾಧ್ಯವಾಯಿತು. ಕಂಬದ ಮೈಯ ಸುತ್ತುಬಳೆಗಳನ್ನು ನೋಡಿದರೆ ಬುಗುರಿ ಕಡೆದಂತೆಯೇ ಕಾಣುತ್ತದೆ. ಉಜ್ಜಿ ಹೊಳಪು ಕೊಟ್ಟ ಆ ಮೈಯಲ್ಲಿ ನೋಡುವವರ ಮುಖ ಮೂಡುತ್ತದೆ. ಉಬ್ಬಿದ ಕಡೆ ಮುಖ ಸಣಕಲಾಗುತ್ತದೆ. ಬಾಗು ಬದಲಾದಂತೆ ಆಕಾರವೂ ಬದಲು. ಮಕ್ಕಳು ನಾಲಿಗೆ ಚಾಚಿ ನಗುತ್ತಾರೆ. ಉಬ್ಬುಗನ್ನಡಿಯ ಪ್ರತಿಬಿಂಬ ನಿಜವಾದ ಅಳತೆಯಲ್ಲ ಎಂಬುದು ಅವರಿಗೆ ಪಾಠದಲ್ಲಿ ಬಂದಿರುತ್ತದೆ. ಕಥೆಯೂ ಬಾಗಿದ ಕನ್ನಡಿಯೇ ಎಂದು ಅವರಿಗೆ ಅಲ್ಲೇ ಹೇಳಿದರೆ ಬೇಗ ತಲೆಗೆ ಹತ್ತುತ್ತದೆ.

ಈ ಬಸದಿಯ ಶಾಸನ ಹೇಳುವ ಘಟನೆಯಂತೂ ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜ ಶ್ರದ್ಧಾವಂತ ಜೈನ. ಅವನು ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ಈ ಜಿನಾಲಯ ಕಟ್ಟಿಸಿದ. ಪ್ರತಿಷ್ಠೆ ಮುಗಿಸಿದ ಅರ್ಚಕರು ಪ್ರಸಾದ ಹಿಡಿದು ಬಂಕಾಪುರದಲ್ಲಿದ್ದ ರಾಜನ ಬಳಿಗೆ ಹೋದರು. ಆಗಷ್ಟೇ ರಾಜನಿಗೆ ಯುದ್ಧದಲ್ಲಿ ಜಯ ಸಿಕ್ಕಿತ್ತು. ರಾಣಿ ಲಕ್ಷ್ಮೀದೇವಿಗೆ ಗಂಡು ಮಗು ಹುಟ್ಟಿತ್ತು. ರಾಜ ಎದ್ದು ನಿಂತು ಪ್ರಸಾದ ಸ್ವೀಕರಿಸಿದ. ಈ ದೇವರ ಪ್ರತಿಷ್ಠೆಯ ಫಲವಾಗಿಯೇ ಜಯವೂ ಮಗನೂ ದೊರೆತರೆಂದು ಸಂತೋಷಪಟ್ಟು, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಬಸದಿಗೆ ದತ್ತಿ ಬಿಟ್ಟ.

ಇಂಥ ಪ್ರವಾಸಗಳಲ್ಲಿ ಯಾರಾದರೊಬ್ಬ ಹುಡುಗ, "ಸಾರ್, ರಾಜ ಜೈನರನ್ನ ಗಾಣಕ್ಕೆ ಹಾಕ್ಸಿದ್ದು ನಿಜವಾ?" ಎಂದು ಕೇಳಿಯೇ ಕೇಳುತ್ತಾನೆ. ಅವನನ್ನು ನಿಲ್ಲಿಸಬೇಕಾದ ಜಾಗ ಇದು. ಬೇಲೂರಿನ ಪ್ರತಿಷ್ಠೆಯಾಗಿ ಹದಿನಾರು ವರ್ಷಗಳಾದ ಮೇಲೆ, ಅದೇ ರಾಜನ ಸೇನಾಪತಿಯ ಮಗ ರಾಜಧಾನಿಯೊಳಗೆ ಬಸದಿ ಕಟ್ಟಿಸುತ್ತಾನೆ. ರಾಜ ತನ್ನ ಉತ್ತರಾಧಿಕಾರಿಯ ಹೆಸರನ್ನೂ ಜಿನನ ಹೆಸರನ್ನೂ ಒಂದೇ ಉಸಿರಿನಲ್ಲಿ ಇಡುತ್ತಾನೆ. ಗಾಣದ ಕಥೆಯ ಪಕ್ಕದಲ್ಲಿ ಈ ಶಾಸನವನ್ನು ಇಟ್ಟು ನೋಡಿದರೆ ಉತ್ತರ ಹುಡುಗನಿಗೇ ಹೊಳೆಯುತ್ತದೆ. ಹಿಂದಿನ ಕಾಲದಲ್ಲಿ ಮತಗಳ ನಡುವೆ ಜಗಳವೇ ಇರಲಿಲ್ಲ ಎಂದು ಇದರ ಅರ್ಥವಲ್ಲ. ಹೊಯ್ಸಳ ದೊರೆಯೊಬ್ಬನ ಮೇಲೆ ಹೊರಿಸಿದ ಮಾತಿಗೆ ಅವನ ಕಾಲದ ಕಲ್ಲು ಸಾಕ್ಷಿ ಹೇಳುತ್ತಿಲ್ಲ ಎಂದಷ್ಟೇ ಅರ್ಥ.

ಒಂದು ಮನೆ, ಮೂರು ಮತ

ಶಾಂತಲೆಯ ಬದುಕಿನ ಖಚಿತ ವಿವರಗಳು ಸಿಗುವುದು ಇದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಮೇಲೆ. ಅವಳ ತಂದೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಗಂಡ ವಿಷ್ಣುಭಕ್ತ. ಅಂದರೆ ಬೇರೆ ಬೇರೆ ನಂಬಿಕೆಯ ಗಂಡ ಹೆಂಡಿರ ಸಂಸಾರ ಹೇಗಿರುತ್ತದೆ ಎಂಬುದನ್ನು ಅವಳು ತವರಿನಲ್ಲೇ ನೋಡಿಕೊಂಡು ಬಂದವಳು. ಮತಭೇದ ಅವಳ ಪಾಲಿಗೆ ಸಿಡಿಲಿನಂತೆ ಬಂದೆರಗಿದ ಸಂಕಟವೇನೂ ಆಗಿರಲಾರದು. ಅದು ದಿನನಿತ್ಯದ ಬದುಕು.

1123ರಲ್ಲಿ ಅವಳು ಚಂದ್ರಗಿರಿಯ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಗಂಡ ಬೇಲೂರಿನ ಗುಡಿ ಎತ್ತಿಸಿ ಆರು ವರ್ಷವಾಗಿತ್ತು. ಆ ಬಸದಿಯ ಹೆಸರು 'ಸವತಿಗಂಧವಾರಣ'. ಅದು ಅವಳ ಬಿರುದು. ಸವತಿಯರೆಂಬ ಆನೆಗಳ ಪಾಲಿಗೆ ಮದ್ದಾನೆ ಎಂದು ಅರ್ಥ. ದೇವರ ಮನೆಗೇ ಇಂಥ ಹೆಸರಿಟ್ಟ ರಾಣಿಯನ್ನು ಸದಾ ಕಣ್ಣೀರು ಸುರಿಸುವ ತ್ಯಾಗಮೂರ್ತಿಯಾಗಿ ಊಹಿಸಿಕೊಳ್ಳುವುದು ಕಷ್ಟ. ಠೀವಿ ಇತ್ತು, ಹಾಸ್ಯಪ್ರಜ್ಞೆಯೂ ಇದ್ದಿರಬೇಕು. ಹಾಡು, ವಾದ್ಯ, ನಾಟ್ಯಗಳಲ್ಲಿ ಅವಳಿಗಿದ್ದ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಜೈನಳಾಗಿದ್ದೂ ನಾಟ್ಯ ಬಲ್ಲಳೇ ಎಂದು ಆಗ ಯಾರೂ ಹುಬ್ಬೇರಿಸಲಿಲ್ಲ.

ಅವಳು ತೀರಿಕೊಂಡದ್ದು 1131ರಲ್ಲಿ, ಶಿವಗಂಗೆಯಲ್ಲಿ. ಶಾಸನ ಅಷ್ಟನ್ನೇ ಹೇಳುತ್ತದೆ. ಬೆಟ್ಟದಿಂದ ಹಾರಿದಳೆಂಬ ಮಾತು ಅದರಲ್ಲಿಲ್ಲ. ಮಗಳ ಸಾವಿನ ದುಃಖ ತಾಳಲಾರದೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ದೇಹ ಬಿಟ್ಟಳು. ಶಾಂತಲೆ 1131ರಲ್ಲಿ ತೀರಿದ್ದು, ಇನ್ನೊಬ್ಬ ರಾಣಿಗೆ 1133ರಲ್ಲಿ ಮಗ ಹುಟ್ಟಿದ್ದು ಎಂಬ ಎರಡು ಸಂಗತಿಗಳ ನಡುವಿನ ಖಾಲಿ ಜಾಗದಲ್ಲೇ 'ವಂಶಕ್ಕಾಗಿ ಪ್ರಾಣತ್ಯಾಗ'ದ ಕಥೆ ಬೇರುಬಿಟ್ಟಿರಬಹುದು. ತಾಯಿಯ ದುಃಖ ಮಾತ್ರ ಊಹೆಯಲ್ಲ, ಕಲ್ಲಿನಲ್ಲೇ ಇದೆ. ಕಥೆಗಾರರು ಅದನ್ನು ಹೆಚ್ಚಾಗಿ ಮರೆತಿದ್ದಾರೆ.

ತಮ್ಮ ಕಥೆ ತಾವೇ ಹೇಳಿದವರು

ಜೈನರು ಪ್ರೇಮದ ಕಥೆ ಹೇಳಲಿಲ್ಲವೇ? ಹೇಳಿದರು. ಅರಸೀಕೆರೆಯ ಜಿನಾಲಯ ಏಳುವ ಹತ್ತು ಹನ್ನೊಂದು ವರ್ಷ ಮೊದಲು, 1209ರಲ್ಲಿ, ವೀರಬಲ್ಲಾಳನ ಆಸ್ಥಾನದ ಜೈನ ಕವಿ ಜನ್ನ 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಕುರೂಪಿ ಮಾವುತ. ವಿಷಯ ತಿಳಿದ ರಾಜ ನೊಂದು, ತಾಯಿಯ ಮಾತಿನಂತೆ ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಜೀವವಿಲ್ಲದ ಹಿಟ್ಟಾದರೂ ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬುದು ಜನ್ನನ ವಾದ. ಅಲ್ಲಿ ಮನುಷ್ಯರ ಆಸೆ, ಸಂಕೋಚ, ಸಂಕಟ ಎಲ್ಲವೂ ಇದೆ. ಅಹಿಂಸೆ ಬರೀ ಉಪದೇಶವಾಗದೆ ಬದುಕಿನ ಪ್ರಶ್ನೆಯಾಗಿದೆ.

ಇದೇ ಕಥೆಯನ್ನು ಹಿಡಿದು ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕ ಬರೆದರು. ಅಲ್ಲಿ ರಾಣಿ ಜೈನಳು, ಅತ್ತೆ ಬಲಿ ಕೊಡುವ ಸಂಪ್ರದಾಯದವಳು, ಹೆಂಡತಿಗಾಗಿ ಅವಳ ಧರ್ಮ ಹಿಡಿದ ರಾಜ ಇಬ್ಬರ ನಡುವೆ. ಎರಡು ನಂಬಿಕೆಗಳ ಮನೆಯ ಕಷ್ಟ ಅಲ್ಲಿಯೂ ಇದೆ. ಆದರೆ ನಂಬಿಕೆ ಬರೀ ಅಡ್ಡಗೋಡೆಯಲ್ಲ. ಪಾತ್ರಗಳು ಅದರೊಳಗಿನಿಂದಲೇ ಯೋಚಿಸುತ್ತವೆ. ಒಳ್ಳೆಯ ಕಥೆಗೂ ಸಿದ್ಧ ಮುಖವಾಡದ ಕಥೆಗೂ ಇರುವ ವ್ಯತ್ಯಾಸ ಇದೇ.

ಪಕ್ಕದ ಸೀಟಿನ ಹುಡುಗ

ಇಷ್ಟೆಲ್ಲ ಏಕೆ ಎಂದು ಪೋಷಕರು ಕೇಳಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಅವರನ್ನು ಅಲ್ಪಸಂಖ್ಯಾತರೆಂದು ಮಾನ್ಯ ಮಾಡಿತು. ಕನ್ನಡಕ್ಕೆ ಪಂಪ, ರನ್ನ, ಜನ್ನರನ್ನು ಕೊಟ್ಟ ಸಮುದಾಯ ಇಂದು ಹೆಚ್ಚಿನ ತರಗತಿಗಳಲ್ಲಿ ಒಬ್ಬನೋ ಇಬ್ಬರೋ ಮಕ್ಕಳು. ಪ್ರವಾಸದ ಬಸ್ಸಿನಲ್ಲಿ ಸಂಜೆ ಸೂರ್ಯ ಮುಳುಗುವ ಮೊದಲೇ ಬುತ್ತಿ ಬಿಚ್ಚುವವನು, ಆಲೂಗಡ್ಡೆ ಪಲ್ಯ ಬೇಡ ಎನ್ನುವವನು ಅವನೇ ಇರಬಹುದು. ಬಸದಿಯ ದಿಗಂಬರ ಮೂರ್ತಿಯ ಮುಂದೆ ಉಳಿದವರು ಕಿಸಕ್ಕನೆ ನಕ್ಕಾಗ, ಗಾಣದ ಕಥೆ ಕೇಳಿ ಎಲ್ಲರೂ ತನ್ನ ಕಡೆ ತಿರುಗಿದಾಗ, ಆ ಹುಡುಗನಿಗೆ ಹೇಗಾಗಬೇಡ?

ಅವನಿಗೆ ಬೇಕಿರುವುದು ಕನಿಕರವಲ್ಲ, ಪೂರ್ತಿ ಕಥೆ. ಹೊಯ್ಸಳ ವಂಶದ ಮೊದಲ ಪುಟದಲ್ಲಿ ಸುದತ್ತ ಮುನಿ ಇದ್ದಾನೆ, ಸೇನೆಯ ಮುಂದೆ ಗಂಗರಾಜ ಇದ್ದಾನೆ, ಆಸ್ಥಾನದಲ್ಲಿ ಜನ್ನ ಇದ್ದಾನೆ, ಬೇಲೂರಿನ ವಿಷ್ಣುವಿನ ಅಂಗಳದಲ್ಲಿ ಶಾಂತಲೆ ಇದ್ದಾಳೆ. ಬೇಲೂರು ಗುಡಿಯ ಶಾಸನವೊಂದರ ಶ್ಲೋಕ, ಶೈವರು ಶಿವನೆಂದೂ ವೇದಾಂತಿಗಳು ಬ್ರಹ್ಮನೆಂದೂ ಬೌದ್ಧರು ಬುದ್ಧನೆಂದೂ ಜೈನರು ಅರ್ಹಂತನೆಂದೂ ಪೂಜಿಸುವವನು ಈ ಕೇಶವನೇ ಎಂಬ ಅರ್ಥದಲ್ಲಿದೆ. ಇಷ್ಟು ತಿಳಿದ ತರಗತಿಯಲ್ಲಿ ಆ ಹುಡುಗ ತಲೆ ತಗ್ಗಿಸಿ ಕೂರುವ ಪ್ರಸಂಗ ಬರುವುದಿಲ್ಲ. ಉಳಿದ ಮಕ್ಕಳಿಗೂ ಲಾಭವಿದೆ. ಟಿ.ವಿ.ಯಲ್ಲಿ ಯಾವ ಸಮುದಾಯದ ಚಿತ್ರಣ ಬಂದರೂ 'ಇದು ಯಾರು ಹೇಳಿದ ಕಥೆ, ಯಾವಾಗ ಹೇಳಿದ್ದು, ಬರೆದಿಟ್ಟ ಸಾಕ್ಷಿ ಎಲ್ಲಿದೆ' ಎಂಬ ಮೂರು ಪ್ರಶ್ನೆ ಕೇಳುವುದನ್ನು ಅವರು ಕಲಿಯುತ್ತಾರೆ. ಪ್ರಯೋಗಶಾಲೆಯಲ್ಲಿ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ.

ಕಥೆಯನ್ನು ಬಿಟ್ಟುಬಿಡಬೇಕಾಗಿಲ್ಲ. ಕಪ್ಪೆಯ ಕಥೆ ಇಲ್ಲದೆ ಬೇಲೂರು ಮಕ್ಕಳ ಮನಸ್ಸಿನಲ್ಲಿ ಉಳಿಯುವುದಿಲ್ಲ. ಕಥೆ ಕೇಳಿದ ಮೇಲೆ ಕಲ್ಲಿನ ಹತ್ತಿರ ಹೋಗಿ ನಿಲ್ಲಬೇಕು, ಅಷ್ಟೇ.

ಹೋಗುವವರಿಗೆ

ಅರಸೀಕೆರೆಗೆ ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳಿಂದ ನೇರ ರೈಲುಗಳಿವೆ. ಅಲ್ಲಿಂದ ಜಾವಗಲ್ ಮಾರ್ಗವಾಗಿ ಹಳೇಬೀಡು, ಮುಂದೆ ಬೇಲೂರು. ಹಾಸನದ ಕಡೆಯಿಂದಲೂ ಎರಡೂ ಊರುಗಳಿಗೆ ಬಸ್ಸುಗಳುಂಟು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ಗುಡಿಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರ ಗಮನ ಇನ್ನಷ್ಟು ಇತ್ತ ಹರಿದಿದೆ. ಗುಡಿಯೊಳಗೆ ಪಾದರಕ್ಷೆ ಬಿಡಬೇಕಾದ್ದರಿಂದ ಬಿಸಿಲುಗಾಲದಲ್ಲಿ ಕಾಲುಚೀಲ ಇಟ್ಟುಕೊಳ್ಳುವುದು ಒಳ್ಳೆಯದು. ಶಿಲ್ಪದ ಒಳಭಾಗ ನೋಡಲು ಸಣ್ಣ ಟಾರ್ಚ್ ಬೇಕು. ಹೊಯ್ಸಳೇಶ್ವರದ ಆವರಣದ ವಸ್ತುಸಂಗ್ರಹಾಲಯವನ್ನೂ ನೋಡಬೇಕು. ಹೊರಡುವ ಮೊದಲು ಬಸದಿಹಳ್ಳಿಗೆ ಅರ್ಧ ಗಂಟೆ ಮೀಸಲಿಡಬೇಕು. ಅರಸೀಕೆರೆಯಲ್ಲಿ ವಾಪಸು ರೈಲು ಬರಲು ಹೊತ್ತಿದ್ದರೆ, ಶಿವಾಲಯವನ್ನೂ ಸಹಸ್ರಕೂಟ ಜಿನಾಲಯವನ್ನೂ ಒಂದೇ ಓಡಾಟದಲ್ಲಿ ನೋಡಿ ಬರಬಹುದು.